ನೆಲಕ್ಕೆ ಬಿದ್ದ ಮೇಲೆ ಮೂವತ್ತು ಸೆಕೆಂಡು

ಕೇಳುಗರಿಗೆ ನಮಸ್ಕಾರ.

ಇವತ್ತು ಒಂದು ವಿಚಿತ್ರ ನಿಯಮದಿಂದ ಮಾತು ಶುರು ಮಾಡುತ್ತೇನೆ. ಇಬ್ಬರು ಹೆಂಗಸರು ರಿಂಗ್‌ನಲ್ಲಿ ಕಾದಾಡುತ್ತಿದ್ದಾರೆ ಅಂತ ಅಂದುಕೊಳ್ಳಿ. ಒಬ್ಬಳು ಇನ್ನೊಬ್ಬಳನ್ನು ಎತ್ತಿ ಕೆಡವಿದಳು. ಈಗ ಇಬ್ಬರೂ ನೆಲದ ಮೇಲೆ. ಅಲ್ಲಿಂದ ಲೆಕ್ಕ ಶುರು. 30 ಸೆಕೆಂಡಿನೊಳಗೆ ಕೈಯನ್ನೋ ಕಾಲನ್ನೋ ಕತ್ತನ್ನೋ ಹಿಡಿದು ಎದುರಾಳಿಯನ್ನು ಸೋಲಿಸಬೇಕು. ಆಗಲಿಲ್ಲವಾ? ರೆಫರಿ ಬಂದು ಇಬ್ಬರನ್ನೂ ಎಬ್ಬಿಸಿ ನಿಲ್ಲಿಸುತ್ತಾರೆ. ಕಷ್ಟಪಟ್ಟು ಕೆಡವಿದ್ದೆಲ್ಲ ನೀರುಪಾಲು. ಮತ್ತೆ ಮೊದಲಿಂದ.

ಇದು ನಿಜವಾಗಿ ಇದ್ದ ನಿಯಮ. ಜಪಾನಿನಲ್ಲಿ ಸ್ಮ್ಯಾಕ್‌ಗರ್ಲ್ ಅಂತ ಒಂದು ಸಂಸ್ಥೆ ಇತ್ತು. ಹೆಂಗಸರಿಗಾಗಿಯೇ ಮಿಕ್ಸೆಡ್ ಮಾರ್ಷಿಯಲ್ ಆರ್ಟ್ಸ್ ಪಂದ್ಯಗಳನ್ನು ನಡೆಸುತ್ತಿತ್ತು. ನೋಡುವವರಿಗೆ ನೆಲದ ಕುಸ್ತಿ ಬೇಜಾರು ತರಿಸುತ್ತದೆ, ಬೇಗ ಬೇಗ ಏನಾದರೂ ಆಗುತ್ತಿರಬೇಕು ಅನ್ನೋ ಲೆಕ್ಕಾಚಾರ ಈ ನಿಯಮದಲ್ಲಿ ನನಗೆ ಕಾಣುತ್ತದೆ. ನಿಂತು ಗುದ್ದಾಡುವವರಿಗೆ ಇದು ಅನುಕೂಲ. ನೆಲದ ಮೇಲೆಯೇ ಬದುಕುವವರಿಗೆ ದೊಡ್ಡ ಅಡ್ಡಿ. 2004ರ ಆಗಸ್ಟ್ 5ರಂದು ಇಂಥ ರಿಂಗ್‌ಗೆ ಮೂವತ್ತು ವರ್ಷದ ಒಬ್ಬ ಜೂಡೋಪಟು ಇಳಿದರು. ಅದು ಅವರ ಮೊದಲ ವೃತ್ತಿಪರ ಪಂದ್ಯ. ಒಂದು ನಿಮಿಷ ಕಳೆಯುವುದರೊಳಗೆ ಎದುರಾಳಿ ಸೋಲೊಪ್ಪಿಕೊಂಡಾಗಿತ್ತು. ಅವರೇ ಮೆಗುಮಿ ಫುಜೀ. ಅಭಿಮಾನಿಗಳು ಇಟ್ಟ ಹೆಸರು ಮೆಗಾ ಮೆಗು.

ಈ ಆಟದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಮಿಕ್ಸೆಡ್ ಮಾರ್ಷಿಯಲ್ ಆರ್ಟ್ಸ್, ಅಂದರೆ ಎಂಎಂಎ. ಇದರಲ್ಲಿ ಗುದ್ದಬಹುದು, ಒದೆಯಬಹುದು, ಎತ್ತಿ ಕೆಡವಬಹುದು, ಕೆಡವಿದ ಮೇಲೆ ಪಟ್ಟು ಹಾಕಬಹುದು. ನಮ್ಮ ಗರಡಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು, ಪೈಲ್ವಾನ ಚಿತ್. ಇಲ್ಲಿ ಹಾಗಲ್ಲ. ಬೆನ್ನು ನೆಲಕ್ಕೆ ತಾಗಿದ ಮೇಲೆಯೇ ಎಷ್ಟೋ ಸಲ ಅಸಲಿ ಆಟ ಶುರುವಾಗುತ್ತದೆ. ಕೆಳಗೆ ಅಂಗಾತ ಬಿದ್ದವಳು ತನ್ನ ಎರಡೂ ಕಾಲುಗಳಿಂದ ಮೇಲಿನವಳನ್ನು ಸುತ್ತಿ ಹಿಡಿದು, ಅಲ್ಲಿಂದಲೇ ಅವಳ ಕೈ ಮುರಿಯುವ ಮಟ್ಟಕ್ಕೆ ತರಬಹುದು. ನೋವು ತಡೆಯಲಾಗದವಳು ಅಂಗೈಯಿಂದ ತಟ್ಟಿದರೆ ಪಂದ್ಯ ಮುಗಿದಂತೆ.

ಫುಜೀ ಹುಟ್ಟಿದ್ದು 1974ರ ಏಪ್ರಿಲ್ 26ರಂದು, ಪಶ್ಚಿಮ ಜಪಾನಿನ ಒಕಾಯಾಮಾದಲ್ಲಿ. ಮೂರು ವರ್ಷದ ಮಗುವಾಗಿದ್ದಾಗಲೇ ಅಪ್ಪನ ಕೈಯಲ್ಲಿ ಜೂಡೋ ಕಲಿಯಲು ಶುರು ಮಾಡಿದರು. ಆಗ ಹೆಂಗಸರ ಜೂಡೋಗೆ ದೊಡ್ಡ ವೇದಿಕೆ ಅಂತ ಏನೂ ಇರಲಿಲ್ಲ. ಹೆಂಗಸರ ಮೊದಲ ವಿಶ್ವ ಜೂಡೋ ಸ್ಪರ್ಧೆ ನಡೆದಿದ್ದೇ 1980ರಲ್ಲಿ. ಒಲಿಂಪಿಕ್ಸ್‌ನಲ್ಲಿ ಪೂರ್ಣ ಸ್ಥಾನ ಸಿಕ್ಕಿದ್ದು 1992ರ ಬಾರ್ಸಿಲೋನಾದಲ್ಲಿ. ಆ ಬಾಗಿಲು ತೆರೆದಾಗ ಒಳಗೆ ನುಗ್ಗಿದ ಹುಡುಗಿ ರಿಯೋಕೋ ತಮುರಾ, ಮದುವೆಯಾದ ಮೇಲೆ ರಿಯೋಕೋ ತಾನಿ. ಫುಜೀಗಿಂತ ಒಂದು ವರ್ಷ ಚಿಕ್ಕವರು. ಇಡೀ ಜಪಾನಿನ ಮನೆಮಗಳಾದರು. ಫುಜೀ ಸ್ಮ್ಯಾಕ್‌ಗರ್ಲ್ ರಿಂಗ್‌ಗೆ ಇಳಿದ ಒಂಬತ್ತು ದಿನಕ್ಕೆ, ಆಗಸ್ಟ್ 14ರಂದು, ತಾನಿ ಅಥೆನ್ಸ್‌ನಲ್ಲಿ ತಮ್ಮ ಎರಡನೇ ಒಲಿಂಪಿಕ್ ಚಿನ್ನ ಗೆದ್ದರು. ಇಬ್ಬರೂ ಒಂದೇ ಕಾಲದ ಜೂಡೋ ಹುಡುಗಿಯರು. ಒಬ್ಬರಿಗೆ ದೇಶವೇ ಚಪ್ಪಾಳೆ ತಟ್ಟಿತು. ಇನ್ನೊಬ್ಬರ ಪಂದ್ಯ ನೋಡಿದವರು ಈ ಆಟದ ಹುಚ್ಚು ಹಿಡಿದವರು ಮಾತ್ರ.

ಫುಜೀ ಒಲಿಂಪಿಕ್ಸ್ ದಾರಿಯಲ್ಲಿ ಹೋಗಲಿಲ್ಲ. ಅವರು ಹಿಡಿದದ್ದು ಸಾಂಬೋ ಅನ್ನೋ ರಷ್ಯಾದ ಕುಸ್ತಿಯನ್ನು. ಇದರ ಕತೆ ಸ್ವಲ್ಪ ಹೇಳಲೇಬೇಕು, ವಿಷಯ ಪಕ್ಕಕ್ಕೆ ಹೋದರೂ ಪರವಾಗಿಲ್ಲ. ವಾಸಿಲಿ ಒಷೆಪ್ಕೋವ್ ಅಂತ ಒಬ್ಬ ರಷ್ಯನ್ ಇದ್ದರು. ಟೋಕಿಯೋದ ಕೋದೋಕಾನ್‌ನಲ್ಲಿ, ಅಂದರೆ ಜೂಡೋ ಹುಟ್ಟಿಸಿದ ಜಿಗೋರೋ ಕಾನೋ ಅವರ ಶಾಲೆಯಲ್ಲಿಯೇ ಕಲಿತು, 1913ರಲ್ಲಿ ಕರಿ ಬೆಲ್ಟ್ ಪಡೆದವರು. ಅವರು ಆ ವಿದ್ಯೆಯನ್ನು ಸೋವಿಯತ್ ದೇಶಕ್ಕೆ ಒಯ್ದರು. ಅಲ್ಲಿನ ಊರೂರಿನ ಕುಸ್ತಿಗಳ ಪಟ್ಟುಗಳು ಸೇರಿ ಸಾಂಬೋ ಬೆಳೆಯಿತು. ಒಷೆಪ್ಕೋವ್ ಮಾತ್ರ 1937ರಲ್ಲಿ ಸ್ಟಾಲಿನ್ ಕಾಲದ ಬೇಟೆಯಲ್ಲಿ ಸಿಕ್ಕಿಬಿದ್ದರು. ಜಪಾನಿನ ಗೂಢಚಾರ ಅನ್ನೋ ಆರೋಪ. ಜೈಲಿನಲ್ಲೇ ತೀರಿಕೊಂಡರು. ಮರುವರ್ಷವೇ ಸಾಂಬೋಗೆ ಸರ್ಕಾರದ ಮಾನ್ಯತೆ ಸಿಕ್ಕಿತು. ಅವರ ಹೆಸರನ್ನು ಮಾತ್ರ ಬಹಳ ವರ್ಷ ಯಾರೂ ಎತ್ತಲಿಲ್ಲ.

ಈಗ ನೋಡಿ. ಜೂಡೋ ಸ್ಪರ್ಧೆಯಲ್ಲಿ ಕತ್ತು ಅಮುಕಬಹುದು, ಮೊಣಕೈ ಹಿಡಿಯಬಹುದು. ಕಾಲಿನ ಕೀಲು ಹಿಡಿಯುವಂತಿಲ್ಲ. ಕ್ರೀಡಾ ಸಾಂಬೋದಲ್ಲಿ ಕತ್ತು ಅಮುಕುವಂತಿಲ್ಲ, ಆದರೆ ಕಾಲು ಹಿಡಿಯಬಹುದು. ಒಂದರಲ್ಲಿ ಬೇಡ ಅಂದಿದ್ದು ಇನ್ನೊಂದರಲ್ಲಿ ಸರಿ. ಎರಡನ್ನೂ ಕಲಿತವಳ ಕೈಗೆ ಕತ್ತು, ಕೈ, ಕಾಲು ಮೂರೂ ಬಂದವು. ಫುಜೀ ಸಾಂಬೋದಲ್ಲಿ ವಿಶ್ವ ಮಟ್ಟದ ಪದಕಗಳನ್ನೂ ಗೆದ್ದರು. ಆಮೇಲೆ ಬ್ರೆಜಿಲಿಯನ್ ಜಿಯು ಜಿತ್ಸು ಬಂತು. ಅದೂ ನೆಲದ ಆಟವೇ.

ಇವರಿಗಿಂತ ಮೊದಲು ಜಪಾನಿನಲ್ಲಿ ಈ ದಾರಿ ತುಳಿದವರು ಇರಲಿಲ್ಲವೇ? ಇದ್ದರು. ಶಿನೋಬು ಕಂದೋರಿ ಅವರ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. 1984ರ ವಿಶ್ವ ಜೂಡೋದಲ್ಲಿ ಕಂಚು ಗೆದ್ದವರು, ಆಮೇಲೆ ವೃತ್ತಿಪರ ಕುಸ್ತಿಗೆ ಬಂದವರು. 1995ರಲ್ಲಿ ಟೋಕಿಯೋದಲ್ಲಿ ಎಲ್-1 ಅಂತ ಹೆಂಗಸರ ಪಂದ್ಯಾವಳಿ ನಡೆಯಿತು. ತೂಕದ ಮಿತಿ ಇರಲಿಲ್ಲ. ಅಲ್ಲಿ ಕಂದೋರಿ ಎದುರಿಸಿದ್ದು ತಮಗಿಂತ ಎಷ್ಟೋ ಭಾರದ ರಷ್ಯಾದ ಜೂಡೋಪಟು ಸ್ವೆಟ್ಲಾನಾ ಗುಂದರೆಂಕೋ ಅವರನ್ನು. ಸೋತರು. ಬಿಡಲಿಲ್ಲ, 1998ರಲ್ಲಿ ಮತ್ತೆ ಎದುರಾಗಿ ಗೆದ್ದರು. ಇದೇ ಕಂದೋರಿ 2006ರಲ್ಲಿ ಜಪಾನಿನ ಸಂಸತ್ತಿನ ಮೇಲ್ಮನೆಗೂ ಹೋಗಿ ಕೂತರು! 2000ದ ಡಿಸೆಂಬರ್‌ನಲ್ಲಿ ರೀಮಿಕ್ಸ್ ಅನ್ನೋ ಇನ್ನೊಂದು ಪಂದ್ಯಾವಳಿ ನಡೆಯಿತು. ಅದನ್ನು ಗೆದ್ದಿದ್ದು ಹಾಲೆಂಡಿನ ಹತ್ತೊಂಬತ್ತು ವರ್ಷದ ಹುಡುಗಿ ಮಾರ್ಲೋಸ್ ಕೂನೆನ್. ಅಮೆರಿಕದಲ್ಲಿ ಹೆಂಗಸರ ಎಂಎಂಎ ಅಂದರೆ ಜನ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಜಪಾನಿನಲ್ಲಿ ಇಷ್ಟೆಲ್ಲ ನಡೆದಿತ್ತು.

ಅಂದರೆ ಫುಜೀ ಮೊದಲಿಗರಲ್ಲ. ಹಾಗಾದರೆ ಅವರನ್ನು ದಾರಿ ಮಾಡಿದವರು ಅಂತ ಯಾಕೆ ಹೇಳುತ್ತಾರೆ? ಮೊದಲು ಬಂದವರು ಹೆಂಗಸರೂ ಕಾದಾಡಬಲ್ಲರು ಅಂತ ತೋರಿಸಿದರು. ಫುಜೀ ಬಂದ ಮೇಲೆ ಮಾತು ಬದಲಾಯಿತು. ಅವರ ಪಟ್ಟುಗಳನ್ನು ಗಂಡಸರೂ ಕೂತು ನೋಡಿ ಕಲಿಯಲು ಶುರು ಮಾಡಿದರು. ನನ್ನ ಪ್ರಕಾರ ದೊಡ್ಡ ಸಂಗತಿ ಇದೇ.

ಆ 30 ಸೆಕೆಂಡಿನ ನಿಯಮಕ್ಕೆ ವಾಪಸ್ ಬರೋಣ. ನೆಲದ ಆಟ ಆಡುವವರು ಸಾಮಾನ್ಯವಾಗಿ ಅವಸರ ಮಾಡುವುದಿಲ್ಲ. ಮೊದಲು ಮೇಲೆ ಕೂತು ಭಾರ ಹಾಕುತ್ತಾರೆ. ಎದುರಾಳಿಯ ಉಸಿರು ಕಟ್ಟಿಸುತ್ತಾರೆ. ಸುಸ್ತಾದ ಮೇಲೆ ಕೈ ಎಳೆಯುತ್ತಾರೆ. ಇದಕ್ಕೆ ಎರಡು ಮೂರು ನಿಮಿಷ ಬೇಕು. ಫುಜೀಗೆ ಅಷ್ಟು ಹೊತ್ತು ಯಾರು ಕೊಡುತ್ತಾರೆ? ಹಾಗಾಗಿ ಅವರ ಆಟದಲ್ಲಿ ಕೆಡವುವುದು ಬೇರೆ, ಪಟ್ಟು ಹಾಕುವುದು ಬೇರೆ ಅಂತ ಎರಡು ಹಂತ ಇರಲಿಲ್ಲ. ಬೀಳುತ್ತಾ ಬೀಳುತ್ತಲೇ ಎದುರಾಳಿಯ ಕಾಲು ಇವರ ಕೈಯಲ್ಲಿ ಇರುತ್ತಿತ್ತು. ಅವಳು ಕಾಲು ಬಿಡಿಸಿಕೊಳ್ಳಲು ಹೊರಳಿದರೆ ಬೆನ್ನು ಸಿಗುತ್ತಿತ್ತು. ಬೆನ್ನು ಕೊಡಬಾರದು ಅಂತ ಈಚೆ ತಿರುಗಿದರೆ ಮೊಣಕೈ.

ಮೊಣಕೈ ಪಟ್ಟು ಹೇಗಿರುತ್ತದೆ ಅಂದರೆ, ಎದುರಾಳಿಯ ಒಂದು ತೋಳನ್ನು ನಿಮ್ಮ ಎರಡೂ ತೊಡೆಗಳ ನಡುವೆ ಸಿಕ್ಕಿಸಿಕೊಳ್ಳುತ್ತೀರಿ. ಅವಳ ಮಣಿಕಟ್ಟು ನಿಮ್ಮ ಎದೆಯ ಮೇಲೆ, ಹೆಬ್ಬೆರಳು ಮೇಲ್ಮುಖ. ಆಗ ಸೊಂಟ ಎತ್ತುತ್ತೀರಿ. ಅವಳ ಒಂದು ತೋಳಿನ ಮೇಲೆ ನಿಮ್ಮ ಇಡೀ ಮೈಯ ಬಲ ಬೀಳುತ್ತದೆ. ಯಾರ ತೋಳೂ ಅದನ್ನು ತಡೆಯುವುದಿಲ್ಲ. 52 ಕಿಲೋ ತೂಕದ ಹೆಂಗಸು ತನಗಿಂತ ಭಾರದವರನ್ನೂ ಹೀಗೆ ಸೋಲಿಸಬಹುದು. ಹಿಮ್ಮಡಿ ತಿರುಚುವ ಪಟ್ಟು ಇನ್ನೂ ಅಪಾಯ. ಹಿಡಿಯುವುದು ಹಿಮ್ಮಡಿ, ಹರಿಯುವುದು ಮಂಡಿಯ ಒಳಗಿನ ಕಟ್ಟು. ನೋವು ಗೊತ್ತಾಗುವ ಹೊತ್ತಿಗೆ ಪೆಟ್ಟು ಆಗಿಹೋಗಿರುತ್ತದೆ. ಅದಕ್ಕೇ ಅನುಭವ ಇರುವವರು ಹಿಮ್ಮಡಿ ಸಿಕ್ಕಿತು ಅಂತ ಗೊತ್ತಾದ ತಕ್ಷಣ ತಟ್ಟಿಬಿಡುತ್ತಾರೆ.

2004ರಿಂದ 2010ರವರೆಗೆ ಫುಜೀ ಆಡಿದ್ದು 22 ಪಂದ್ಯ. ಗೆದ್ದಿದ್ದೂ 22. ಈ ಆಟದಲ್ಲಿ ಒಂದು ತಪ್ಪು ಹೆಜ್ಜೆ, ಒಂದು ಗುದ್ದು ಸಾಕು ಕತೆ ಮುಗಿಯಲು. ಅಂಥ ಕಡೆ ಆರು ವರ್ಷ ಸೋಲಿಲ್ಲದೆ ಇರುವುದು ಸುಮ್ನೆ ಮಾತಲ್ಲ.

ಆದರೆ ದುಡ್ಡು, ಹೆಸರು? ಅದೇ ಕಾಲದಲ್ಲಿ ಜಪಾನಿನಲ್ಲಿ ಪ್ರೈಡ್ ಅನ್ನೋ ಸಂಸ್ಥೆಯ ಗಂಡಸರ ಪಂದ್ಯಗಳಿಗೆ ಸೈತಾಮಾ ಸೂಪರ್ ಅರೀನಾದಂಥ ದೊಡ್ಡ ಕ್ರೀಡಾಂಗಣಗಳು ತುಂಬಿ ತುಳುಕುತ್ತಿದ್ದವು. ಟಿವಿಯಲ್ಲೂ ಅವೇ. ಹೆಂಗಸರಿಗೆ ಚಿಕ್ಕ ಹಾಲ್‌ಗಳು. 2006ರಲ್ಲಿ ಫ್ಯೂಜಿ ಟಿವಿ ಪ್ರೈಡ್ ಪ್ರಸಾರ ನಿಲ್ಲಿಸಿತು, ಮರುವರ್ಷ ಪ್ರೈಡ್ ಮಾರಾಟವಾಯಿತು. ಜಪಾನಿನಲ್ಲಿ ಎಂಎಂಎ ಗಾಳಿಯೇ ಇಳಿಯಿತು. ಸ್ಮ್ಯಾಕ್‌ಗರ್ಲ್ ಕೂಡ 2008ರಲ್ಲಿ ಬಾಗಿಲು ಹಾಕಿತು. ಅದೇ ವರ್ಷದ ಕೊನೆಗೆ ಜ್ಯುವೆಲ್ಸ್ ಅನ್ನೋ ಹೊಸ ಸಂಸ್ಥೆ ಶುರುವಾಯಿತು, ಇಲ್ಲದಿದ್ದರೆ ಜಪಾನಿನ ಎಷ್ಟೋ ಹುಡುಗಿಯರಿಗೆ ಆಡಲು ರಿಂಗೇ ಇರುತ್ತಿರಲಿಲ್ಲ.

ಅಮೆರಿಕದಲ್ಲಿ ಗಾಳಿ ಬೇರೆ ಕಡೆ ಬೀಸುತ್ತಿತ್ತು. 2009ರ ಆಗಸ್ಟ್‌ನಲ್ಲಿ ಸ್ಟ್ರೈಕ್‌ಫೋರ್ಸ್ ಸಂಸ್ಥೆ ಜೀನಾ ಕರಾನೋ ಮತ್ತು ಕ್ರಿಸ್ ಸೈಬೋರ್ಗ್ ನಡುವಿನ ಪಂದ್ಯವನ್ನೇ ಆ ರಾತ್ರಿಯ ಮುಖ್ಯ ಪಂದ್ಯ ಮಾಡಿತು. ಗಂಡಸರ ಪಂದ್ಯಗಳೆಲ್ಲ ಅದಕ್ಕಿಂತ ಮೊದಲು. ಆದರೆ ಅದು 145 ಪೌಂಡಿನ ವರ್ಗ. ಫುಜೀ 115 ಪೌಂಡು, ಅಂದರೆ ಸುಮಾರು 52 ಕಿಲೋ. ಈ ಚಿಕ್ಕ ತೂಕದ ಹೆಂಗಸರನ್ನು ಕೇಳುವವರೇ ಇರಲಿಲ್ಲ.

2010ರಲ್ಲಿ ಬೆಲ್ಲಾಟರ್ ಸಂಸ್ಥೆ ಕೇಳಿತು. 115 ಪೌಂಡಿನ ಎಂಟು ಹೆಂಗಸರ ಪಂದ್ಯಾವಳಿ, ಗೆದ್ದವರಿಗೆ ಪಟ್ಟ. ಫುಜೀಗೆ ಆಗ ಮೂವತ್ತಾರು. ಆಗಸ್ಟ್ 12ರ ಮೊದಲ ಸುತ್ತಿನಲ್ಲಿ ಎದುರಿಗೆ ಬಂದವರು ಕಾರ್ಲಾ ಎಸ್ಪಾರ್ಜಾ ಅನ್ನೋ ಇಪ್ಪತ್ತೆರಡರ ಹುಡುಗಿ. ಕಾಲೇಜಿನಲ್ಲಿ ಒಳ್ಳೆ ಕುಸ್ತಿ ಕಲಿತವರು, ಬೇರೆಯವರ ಬದಲಿಗೆ ಕೊನೇ ಗಳಿಗೆಯಲ್ಲಿ ಬಂದವರು. 57 ಸೆಕೆಂಡಿನಲ್ಲಿ ಮೊಣಕೈ ಪಟ್ಟು. ಮುಗಿಯಿತು. ಸೆಮಿಫೈನಲ್‌ನಲ್ಲಿ ಲೀಸಾ ವಾರ್ಡ್, ಅಲ್ಲೂ ಮೊದಲ ಸುತ್ತಿನಲ್ಲೇ ಮೊಣಕೈ ಪಟ್ಟು.

ಫೈನಲ್ ಅಕ್ಟೋಬರ್ 28ರಂದು, ಫ್ಲೋರಿಡಾದ ಹಾಲಿವುಡ್ ಅನ್ನೋ ಊರಿನಲ್ಲಿ. ಸಿನಿಮಾದ ಹಾಲಿವುಡ್ ಅಲ್ಲ. ಎದುರಾಳಿ ಝೋಯಿಲಾ ಫ್ರೌಸ್ಟೊ. ಬ್ರಿಟನ್ನಿನ ರೋಸಿ ಸೆಕ್ಸ್ಟನ್ ಅವರನ್ನು ಮೊಣಕಾಲಿನ ಏಟಿಗೆ ಮಲಗಿಸಿದ್ದವರು. ಫ್ರೌಸ್ಟೊ ಸರಿಯಾಗಿ ಲೆಕ್ಕ ಹಾಕಿದ್ದರು. ಫುಜೀ ಜೊತೆ ನೆಲಕ್ಕೆ ಹೋಗಲೇಬಾರದು. ಹಿಡಿಯಲು ಬಂದರೆ ಹಿಂದೆ ಸರಿಯಬೇಕು, ದೂರದಿಂದ ಗುದ್ದಬೇಕು. ಐದು ಸುತ್ತು ಹೀಗೇ ನಡೆಯಿತು. ಬೇರೆ ಪಂದ್ಯಗಳಲ್ಲಿ ಐವತ್ತು ಸೆಕೆಂಡಿನಲ್ಲಿ ಸಿಗುತ್ತಿದ್ದ ಕೈಕಾಲು ಇಲ್ಲಿ ಇಪ್ಪತ್ತೈದು ನಿಮಿಷವಾದರೂ ಸಿಗಲಿಲ್ಲ. ಇಬ್ಬರು ತೀರ್ಪುಗಾರರು ಫ್ರೌಸ್ಟೊ ಅಂದರು, ಒಬ್ಬರು ಫುಜೀ ಅಂದರು. 22 ಗೆಲುವಿನ ಸಾಲು ಅಲ್ಲಿಗೆ ನಿಂತಿತು.

ನನಗೆ ಈ ಪಂದ್ಯ 57 ಸೆಕೆಂಡಿನ ಪಂದ್ಯಕ್ಕಿಂತ ಜಾಸ್ತಿ ಹಿಡಿಸುತ್ತದೆ. ಇದು ಸೋಲು, ನಿಜ. ಆದರೆ ಒಬ್ಬರ ವಿದ್ಯೆ ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಎದುರಾಳಿ ಅದಕ್ಕೆ ಎಷ್ಟು ಹೆದರಿ ಆಡುತ್ತಾಳೆ ಅಂತ ನೋಡಬೇಕು. ಫ್ರೌಸ್ಟೊ ಮಾಡಿದ ಪ್ರತಿಯೊಂದು ಲೆಕ್ಕಾಚಾರವೂ ಫುಜೀಯನ್ನು ಕುರಿತದ್ದೇ. ಹಾಗಂತ ಫ್ರೌಸ್ಟೊ ಅವರದು ಹೇಡಿತನ ಅಂತ ಕೆಲವರು ಹೇಳುತ್ತಾರಲ್ಲ, ಅದು ತಪ್ಪು. ನೆಲಕ್ಕೆ ಹೋಗದೆ ಇರುವುದೂ ಒಂದು ವಿದ್ಯೆಯೇ. ಅದಕ್ಕೂ ಕಾಲು ಗಟ್ಟಿ ಇರಬೇಕು, ತಲೆ ತಣ್ಣಗಿರಬೇಕು.

ಫುಜೀ ಮತ್ತೆ ಗೆದ್ದರು. 2012ರಲ್ಲಿ ಅಮೆರಿಕದ ಜೆಸಿಕಾ ಅಗಿಲಾರ್ ಎದುರು ತೀರ್ಪಿನ ಮೇಲೆ ಸೋತರು. 2013ರ ಅಕ್ಟೋಬರ್ 5ರಂದು ಜಪಾನಿನಲ್ಲಿ ವಿದಾಯದ ಪಂದ್ಯ. ಎದುರಾಳಿ ಮತ್ತೆ ಅಗಿಲಾರ್. ಸುಲಭದ ಎದುರಾಳಿಯನ್ನು ಕರೆಸಿ, ಗೆದ್ದು, ಹಾರ ಹಾಕಿಸಿಕೊಂಡು ಹೋಗಬಹುದಿತ್ತು. ಹಾಗೆ ಮಾಡಲಿಲ್ಲ. ಪಂದ್ಯದ ನಡುವೆ ಅಗಿಲಾರ್ ಅವರ ಬೆರಳು ಫುಜೀ ಕಣ್ಣಿಗೆ ತಾಗಿತು. ಮುಂದುವರಿಸಲು ಆಗಲಿಲ್ಲ. ಅಲ್ಲಿಯವರೆಗಿನ ಅಂಕ ನೋಡಿ ಅಗಿಲಾರ್ ಗೆದ್ದರು ಅಂತ ಹೇಳಿದರು. ಒಟ್ಟು 26 ಗೆಲುವು, 3 ಸೋಲು. ಗೆಲುವಿನಲ್ಲಿ 19 ಎದುರಾಳಿ ಸೋಲೊಪ್ಪಿಕೊಂಡು ಬಂದದ್ದು.

ಈಗ ಕಾಲದ ಆಟ ನೋಡಿ. 2013ರ ಫೆಬ್ರುವರಿಯಲ್ಲಿ ಯುಎಫ್‌ಸಿ, ಅಂದರೆ ಈ ಆಟದ ಅತಿ ದೊಡ್ಡ ಸಂಸ್ಥೆ, ಮೊದಲ ಸಲ ಹೆಂಗಸರ ಪಂದ್ಯ ನಡೆಸಿತು. ರೊಂಡಾ ರೌಸಿ ಆಡಿದ ಪಂದ್ಯ. ಅದು 135 ಪೌಂಡಿನ ವರ್ಗ. ಫುಜೀ ನಿವೃತ್ತರಾದ ಎರಡೇ ತಿಂಗಳಿಗೆ ಯುಎಫ್‌ಸಿ 115 ಪೌಂಡಿನ ವರ್ಗವನ್ನೂ ತೆರೆಯುತ್ತೇವೆ ಅಂತ ಸಾರಿತು. 2014ರ ಡಿಸೆಂಬರ್‌ನಲ್ಲಿ ಆ ವರ್ಗದ ಮೊದಲ ಚಾಂಪಿಯನ್ ಆದವರು ಯಾರು ಗೊತ್ತಾ? ಕಾರ್ಲಾ ಎಸ್ಪಾರ್ಜಾ. ಹೌದು, ಅದೇ 57 ಸೆಕೆಂಡಿನ ಹುಡುಗಿ. 2022ರಲ್ಲಿ ಅವರು ಅದೇ ಪಟ್ಟವನ್ನು ಇನ್ನೊಮ್ಮೆ ಗೆದ್ದರು. ನಮ್ಮ ದೇಶದ ಪೂಜಾ ತೋಮರ್ 2024ರಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ ಅಂತ ಸುದ್ದಿಯಾಯಿತಲ್ವಾ? ಅವರು ಆಡಿದ್ದೂ ಇದೇ ವರ್ಗದಲ್ಲಿ.

ಇದನ್ನೆಲ್ಲ ನೋಡಿ ಅಯ್ಯೋ ಪಾಪ, ಹತ್ತು ವರ್ಷ ಮುಂಚೆ ಹುಟ್ಟಿದರು ಅಂತ ಫುಜೀ ಬಗ್ಗೆ ಮರುಗುವವರು ತುಂಬ ಜನ. ನನಗೆ ಈ ಮರುಕ ಅಷ್ಟಾಗಿ ಒಪ್ಪುವುದಿಲ್ಲ. ದುಡ್ಡಿನ ಲೆಕ್ಕದಲ್ಲಿ ಅದು ನಿಜ ಇರಬಹುದು. ಆದರೆ ಹತ್ತು ವರ್ಷ ತಡವಾಗಿ ಹುಟ್ಟಿದ್ದರೆ ಈ ಫುಜೀ ಇರುತ್ತಿರಲಿಲ್ಲ. ಎಂಎಂಎ ಅಂತಲೇ ಒಂದು ಪಾಠಶಾಲೆ ಇಲ್ಲದ ಕಾಲದಲ್ಲಿ ಜೂಡೋ ಒಂದು ಕಡೆ, ಸಾಂಬೋ ಒಂದು ಕಡೆ, ಜಿಯು ಜಿತ್ಸು ಒಂದು ಕಡೆ ಕಲಿತು ಬಂದಿದ್ದರಿಂದಲೇ ಅವರ ಆಟ ಹಾಗಿತ್ತು. ಆ ತಲೆಕೆಟ್ಟ 30 ಸೆಕೆಂಡಿನ ನಿಯಮಕ್ಕೂ ಅದರಲ್ಲಿ ಪಾಲಿದೆ ಅಂತ ನನ್ನ ಅನುಮಾನ.

ಅವರು ಕಲಿಸುವ ಕೆಲಸವನ್ನೂ ಮಾಡಿದರು. ಟೋಕಿಯೋದ ಎಎಸಿಸಿ ಜಿಮ್ ಅವರ ತವರು. ಹಿರೋಯುಕಿ ಅಬೆ ನಡೆಸುವ ಜಾಗ. ತಾವಿನ್ನೂ ಆಡುತ್ತಿದ್ದಾಗಲೇ ಫುಜೀ ಅಲ್ಲಿ ಹುಡುಗಿಯರಿಗೆ ಹೇಳಿಕೊಡುತ್ತಿದ್ದರು. ಯಮಗುಚಿ ಕಡೆಯಿಂದ ಬಂದ ಅಯಾಕಾ ಹಮಸಾಕಿ ಅವರಲ್ಲಿ ಒಬ್ಬರು. ಅವರೂ ಜೂಡೋದಿಂದ ಬಂದವರೇ. ಹಮಸಾಕಿ ಮೊದಲು ಜ್ಯುವೆಲ್ಸ್ ಚಾಂಪಿಯನ್ ಆದರು. 2015ರಲ್ಲಿ ಲಾಸ್ ವೇಗಸ್‌ಗೆ ಹೋಗಿ ಇನ್ವಿಕ್ಟಾ ಸಂಸ್ಥೆಯ 105 ಪೌಂಡಿನ ಪಟ್ಟ ಗೆದ್ದರು. 2018ರ ಡಿಸೆಂಬರ್ 31ರಂದು ಸೈತಾಮಾ ಸೂಪರ್ ಅರೀನಾದಲ್ಲಿ ರಿಜಿನ್ ಸಂಸ್ಥೆಯ ಪಟ್ಟ. ಹಿಂದೆ ಪ್ರೈಡ್ ನಡೆಯುತ್ತಿದ್ದ ಅದೇ ಕ್ರೀಡಾಂಗಣ. ಗುರುವಿನ ಕಾಲದಲ್ಲಿ ಅಲ್ಲಿ ಗಂಡಸರದೇ ರಾಜ್ಯ. ಶಿಷ್ಯೆ ಅಲ್ಲಿ ಕನ್ನಾ ಅಸಕುರಾ ಅವರನ್ನು ಸೋಲಿಸಿದ್ದು ಮೊಣಕೈ ಪಟ್ಟಿನಿಂದ.

ಕುತೂಹಲ ಇದ್ದವರು ಫುಜೀ ಅವರ ಪಂದ್ಯಗಳ ವಿಡಿಯೋ ಹುಡುಕಿ ನೋಡಿ. ನೋಡುವಾಗ ಅವರ ಕೈಗಳ ಮೇಲೆ ಕಣ್ಣಿಡಬೇಡಿ, ಏನೂ ಗೊತ್ತಾಗುವುದಿಲ್ಲ. ಸೊಂಟ ನೋಡಿ. ಕೈ ಹಿಡಿಯುವುದಕ್ಕಿಂತ ಮೊದಲೇ ಸೊಂಟ ತನ್ನ ಜಾಗಕ್ಕೆ ಹೋಗಿ ಕೂತಿರುತ್ತದೆ. ಫ್ರೌಸ್ಟೊ ಜೊತೆಗಿನ ಫೈನಲ್ ಸಿಕ್ಕರೆ ಒಂದು ಕಾಗದ, ಪೆನ್ನು ಇಟ್ಟುಕೊಂಡು ಕೂರಿ. ಪ್ರತಿ ಸುತ್ತಿನಲ್ಲಿ ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9. ಮನೆಯಲ್ಲಿ ಇನ್ನೊಬ್ಬರನ್ನೂ ಕೂರಿಸಿಕೊಂಡು ಬೇರೆ ಬೇರೆಯಾಗಿ ಅಂಕ ಹಾಕಿ. ನಿಮ್ಮಿಬ್ಬರ ಲೆಕ್ಕವೂ ಒಂದೇ ಬಂದರೆ ನನಗೆ ಆಶ್ಚರ್ಯ.

ನಮಸ್ಕಾರ.